ಕಾಲವನ್ನು ಕಾಯಕವಾಗಿಸಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರು



ಶಿವಮೊಗ್ಗ–ಭದ್ರಾವತಿ ಸೀಮೆಯ ಜನರಿಗೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಮನೆಮಾತು. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಅವರ ಹೆಸರನ್ನೇ ಹೊತ್ತು ನಿಂತಿದೆ. ಪ್ರತಿವರ್ಷ ಸೆಪ್ಟೆಂಬರ್ 15ರಂದು ಅವರ ಜನ್ಮದಿನವನ್ನು ಇಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ. ಆದರೆ ಅಣೆಕಟ್ಟು ಕಟ್ಟಿದ ವಿಶ್ವೇಶ್ವರಯ್ಯನವರನ್ನು ಸ್ಮರಿಸುವಷ್ಟು, ಬಡತನದಲ್ಲಿ ಓದಿ ಗೆದ್ದ ವಿದ್ಯಾರ್ಥಿ ವಿಶ್ವೇಶ್ವರಯ್ಯನವರನ್ನು ನಾವು ಸ್ಮರಿಸುವುದಿಲ್ಲ. ಇಂಜಿನಿಯರಿಂಗ್, ವೈದ್ಯಕೀಯ ಮೊದಲಾದ ಕಠಿಣ ವ್ಯಾಸಂಗಕ್ಕೆ ಸೇರಿದ ಮಕ್ಕಳು ಮೊದಲ ವರ್ಷದಲ್ಲಿಯೇ ಎದೆಗುಂದಿ ಪುಸ್ತಕ ಮಡಚಿಡುವುದನ್ನೂ, ಅವರ ತಂದೆತಾಯಿಗಳು ಮಠಕ್ಕೆ ಬಂದು ಅಳಲು ತೋಡಿಕೊಳ್ಳುವುದನ್ನೂ ನಾವು ಕಾಣುತ್ತಿದ್ದೇವೆ. ಅಂತಹ ಮಕ್ಕಳಿಗೂ ಹೆತ್ತವರಿಗೂ ಈ ಮಹನೀಯರ ಜೀವನ ದಾರಿದೀಪವಾಗಬಲ್ಲದು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಸಂಪತ್ತಿರಲಿಲ್ಲ. ಬಾಲಕನು ಇನ್ನೂ ಶಾಲೆಯಲ್ಲಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ಮುಗಿಸಿ, ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಬೆಂಗಳೂರಿಗೆ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಖರ್ಚಿಗೆ ಹಣವಿಲ್ಲದೆ, ಕೊಡಗು ಮೂಲದ ಅಧಿಕಾರಿಯೊಬ್ಬರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ವ್ಯಾಸಂಗವನ್ನು ತಾವೇ ಸಾಗಿಸಿದರು. ಕಾಲೇಜಿನ ತರಗತಿ, ಮನೆಪಾಠ, ತಮ್ಮ ಸ್ವಂತ ಓದು, ಇವು ಮೂರಕ್ಕೂ ಇದ್ದುದು ಒಂದೇ ದಿನ. ಹೊತ್ತನ್ನು ಅಳೆದು ಹಂಚಿಕೊಳ್ಳುವ ಶಿಸ್ತನ್ನು ಅವರಿಗೆ ಕಲಿಸಿದ್ದು ಈ ಬಡತನವೇ. 1881ರಲ್ಲಿ ಅವರು ಬಿ.ಎ. ಪದವೀಧರರಾದರು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. ಊರು ಹೊಸದು, ಸುತ್ತಲಿನ ಭಾಷೆ ಮರಾಠಿ, ವಿಷಯ ಕಠಿಣ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ಮುಂಬಯಿ ಸರ್ಕಾರದಲ್ಲಿ ಸಹಾಯಕ ಇಂಜಿನಿಯರ್ ಹುದ್ದೆ ಖಚಿತವಾಗಿತ್ತು. ಹಿಂದೆ ಆಸ್ತಿಯ ಬೆಂಬಲವಿಲ್ಲದ ತರುಣನಿಗೆ ಆ ಒಂದು ಸ್ಥಾನದ ಮೇಲೆ ಇಡೀ ಬದುಕು ನಿಂತಿತ್ತು. 1883ರ ಅಂತಿಮ ಪರೀಕ್ಷೆಯಲ್ಲಿ ಅವರು ಪ್ರಥಮರಾಗಿ ತೇರ್ಗಡೆ ಹೊಂದಿ, ಜೇಮ್ಸ್ ಬರ್ಕ್ಲಿ ಬಹುಮಾನವನ್ನೂ ಪಡೆದರು. ಮರುವರ್ಷ ನಾಸಿಕದಲ್ಲಿ ಸೇವೆಗೆ ಸೇರಿದರು.

ಸೇವೆಯ ಮೊದಲ ದಿನಗಳಲ್ಲಿಯೇ ಮತ್ತೊಂದು ಪರೀಕ್ಷೆ ಎದುರಾಯಿತು. ಖಾನದೇಶದಲ್ಲಿ ನದಿಯೊಂದಕ್ಕೆ ಅಡ್ಡಲಾಗಿ ಕೊಳವೆ ಹಾಯಿಸಿ ನೀರು ಸಾಗಿಸುವ ಕೆಲಸ ಅವರ ಪಾಲಿಗೆ ಬಂದಿತು. ಮಳೆಗಾಲದ ಪ್ರವಾಹದಿಂದ ಕೆಲಸಕ್ಕೆ ಅಡ್ಡಿಯಾದಾಗ, ಅದನ್ನು ಮುಂದೂಡಬಹುದೇ ಎಂದು ಮೇಲಧಿಕಾರಿಗೆ ಬರೆದರು. ಉತ್ತರವಾಗಿ ಬಂದದ್ದು ಆಕ್ಷೇಪಣೆ. ತರುಣ ವಿಶ್ವೇಶ್ವರಯ್ಯನವರು ಅದನ್ನು ಅವಮಾನವೆಂದು ಮನಸ್ಸಿಗೆ ಹಚ್ಚಿಕೊಂಡು ಕುಳಿತುಕೊಳ್ಳಲಿಲ್ಲ. ಮಳೆಯ ನಡುವೆಯೇ ಕೆಲಸ ಮುಗಿಸಿದರು. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ, ಅಧ್ಯಾಪಕರು ಗದರಿದಾಗ ಕುಸಿಯುವ ನಮ್ಮ ಮಕ್ಕಳು ಈ ಪ್ರಸಂಗವನ್ನು ನೆನೆಯಬೇಕು. ಪ್ರಥಮ ಸ್ಥಾನ ಪಡೆದವರಿಗೂ ಆಕ್ಷೇಪಣೆ ತಪ್ಪಲಿಲ್ಲ.

ಮುಂದಿನ ಸಾಧನೆಗಳು ನಾಡಿಗೆ ತಿಳಿದವೇ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರಾಗಿ ಕನ್ನಂಬಾಡಿ ಕಟ್ಟೆ, ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯಗಳಿಗೆ ದುಡಿದರು. ಭದ್ರಾವತಿಯ ಕಾರ್ಖಾನೆಯ ಬೀಜ ಬಿತ್ತಿದ್ದೂ ಆ ಕಾಲದಲ್ಲಿಯೇ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸುವುದು ಯೋಜನೆಯಾಗಿತ್ತು. 1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಗುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕೆ ಸಿಲುಕಿತು. ಆಗ ಸರ್ಕಾರ ನಿವೃತ್ತರಾಗಿದ್ದ ಅವರನ್ನೇ ಮರಳಿ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. ಅರವತ್ತು ದಾಟಿದ ವಯಸ್ಸಿನಲ್ಲಿ ಅವರು ಆ ಹೊಣೆ ಹೊತ್ತು, 1929ರವರೆಗೆ ಕಾರ್ಖಾನೆಯನ್ನು ನಡೆಸಿದರು. ವೆಚ್ಚವನ್ನು ಬಿಗಿಗೊಳಿಸಿದರು, ವಿದೇಶಿ ತಜ್ಞರು ಮಾಡುತ್ತಿದ್ದ ಕೆಲಸಗಳಿಗೆ ನಮ್ಮ ತರುಣರನ್ನೇ ತರಬೇತುಗೊಳಿಸಿದರು. ಅದಕ್ಕಾಗಿ ದೊರೆತ ಸಂಭಾವನೆಯನ್ನು ತಮಗೆಂದು ಇಟ್ಟುಕೊಳ್ಳದೆ, ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ವಿನಿಯೋಗಿಸುವಂತೆ ಮಾಡಿದರು. ಜಯಚಾಮರಾಜೇಂದ್ರರ ಹೆಸರಿನ ಆ ಸಂಸ್ಥೆಯಲ್ಲಿ ಇಂದಿಗೂ ಬಡ ಮಕ್ಕಳು ಕೈಕಸುಬು ಕಲಿಯುತ್ತಿದ್ದಾರೆ. ನಾವು ದಾಸೋಹವೆನ್ನುವುದು ಇದನ್ನೇ ಅಲ್ಲವೇ?

ಅವರು ವೈದಿಕ ಮನೆತನದಲ್ಲಿ ಹುಟ್ಟಿದವರು, ನಮ್ಮ ಪರಂಪರೆಯವರಲ್ಲ. ಆದರೂ ಅವರ ದಿನಚರಿಯನ್ನು ನೋಡಿದರೆ ಶರಣರ ಕಾಯಕತತ್ತ್ವವೇ ಕಣ್ಣ ಮುಂದೆ ನಿಲ್ಲುತ್ತದೆ. ಏಳುವುದಕ್ಕೆ, ನಡಿಗೆಗೆ, ಕೆಲಸಕ್ಕೆ, ಭೇಟಿಗೆ ಗೊತ್ತಾದ ಹೊತ್ತು. ಚಿಕ್ಕ ಭಾಷಣಕ್ಕೂ ಮುಂಚಿತವಾಗಿ ಬರೆದು ತಿದ್ದಿಕೊಂಡ ಸಿದ್ಧತೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ಕಥೆ ನಮಗೆಲ್ಲ ಗೊತ್ತು. ಆ ದಿನದ ಅಳತೆ ಆ ದಿನಕ್ಕೆ ಎಂಬ ಆ ನಿಷ್ಠೆ ಓದಿಗೂ ಸಲ್ಲುತ್ತದೆ. ಇಂದಿನ ಪಾಠವನ್ನು ಇಂದೇ ಮುಗಿಸಿದವನಿಗೆ ಪರೀಕ್ಷೆಯ ಹಿಂದಿನ ರಾತ್ರಿ ರಾಶಿ ಬಿದ್ದ ಪುಸ್ತಕಗಳ ಭಯವಿರುವುದಿಲ್ಲ.

ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳಿಗೆ ಮಠದ ಪರವಾಗಿ ಕೆಲವು ಮಾತು. ಬೆಳಗಿನ ಇಷ್ಟಲಿಂಗ ಪೂಜೆಯ ಹೊತ್ತನ್ನು ತಪ್ಪಿಸಬೇಡಿ. ಒಂದು ಹೊತ್ತು ಗೊತ್ತಾದರೆ ಉಳಿದ ಹೊತ್ತುಗಳು ಅದರ ಸುತ್ತ ತಾವಾಗಿಯೇ ಅಣಿಯಾಗುತ್ತವೆ. ಪೂಜೆ ಮುಗಿದ ಕೂಡಲೇ, ಮೊಬೈಲ್ ಮುಟ್ಟುವ ಮೊದಲು, ನಿಮಗೆ ಅತ್ಯಂತ ಕಠಿಣವೆನಿಸುವ ವಿಷಯವನ್ನು ಒಂದು ಗಂಟೆ ಓದಿರಿ. ಆ ದಿನ ಮಾಡಬೇಕಾದುದನ್ನು ಬೆಳಿಗ್ಗೆ ಚೀಟಿಯಲ್ಲಿ ಬರೆದು, ರಾತ್ರಿ ಒಮ್ಮೆ ನೋಡಿರಿ. ಒಂದು ವಿಷಯದಲ್ಲಿ ಅನುತ್ತೀರ್ಣರಾದರೆ ಮುಚ್ಚಿಡದೆ ಮನೆಯಲ್ಲಿ ಹೇಳಿರಿ, ಗುರುಗಳನ್ನು ಕೇಳಿರಿ. ಹೆತ್ತವರೂ ಅಷ್ಟೇ, ಮಕ್ಕಳನ್ನು ನೆರೆಮನೆಯ ಮಕ್ಕಳ ಅಂಕಗಳೊಡನೆ ತೂಗಬಾರದು.

ಒಂದು ಕಾಲದಲ್ಲಿ ಭದ್ರಾವತಿಯ ಮನೆಯ ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಕಾದಿರುತ್ತಿತ್ತು. ಇಂದು ಕಾಗದ ಕಾರ್ಖಾನೆಯ ಯಂತ್ರಗಳು ನಿಂತಿವೆ. ಉಕ್ಕಿನ ಕಾರ್ಖಾನೆಯ ನಾಳೆಯ ಬಗ್ಗೆಯೂ ಆತಂಕವಿದೆ. ಆದ್ದರಿಂದ ವಿದ್ಯೆಯೇ ಈ ಊರಿನ ಮಕ್ಕಳಿಗೆ ಉಳಿದಿರುವ ಆಸ್ತಿ. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ವಿಶ್ವೇಶ್ವರಯ್ಯನವರು ಲೋಕವನ್ನು ಬಿಟ್ಟರು. 1955ರಲ್ಲಿ ಭಾರತರತ್ನ ಪಡೆದ ಆ ಹಿರಿಯರು ತಮ್ಮ ಬದುಕನ್ನು ಆರಂಭಿಸಿದ್ದು ಪರರ ಮಕ್ಕಳಿಗೆ ಮನೆಪಾಠ ಹೇಳುತ್ತ ಓದಿದ ಹುಡುಗನಾಗಿ. ಅದೇ ಛಲ ನಮ್ಮ ಮಕ್ಕಳಿಗೂ ಒಲಿಯಲಿ, ಗುರುಬಸವಣ್ಣನವರ ಕೃಪೆ ಅವರ ಮೇಲಿರಲಿ ಎಂದು ಪ್ರಾರ್ಥಿಸುತ್ತೇವೆ.