ಮಗುವಿನ ಉಸಿರಿನ ಗೊರಗೊರ ಸದ್ದೆಲ್ಲ ಕಫವೇ? ಒಬ್ಬ ವೈದ್ಯರ ಬದುಕಿನಲ್ಲಿದೆ ಉತ್ತರ

ಪುಟ್ಟ ಮಗು ಉಸಿರಾಡುವಾಗ ಗೊರಗೊರ ಸದ್ದು ಬಂದರೆ ಅದು ಕಫ, ಮನೆಮದ್ದು ಸಾಕು ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಎಲ್ಲ ಮಕ್ಕಳ ವಿಷಯದಲ್ಲೂ ನಿಜವಲ್ಲ. ಸದ್ದು ಕೇಳಿದ ಕೂಡಲೇ ತೀರ್ಮಾನಕ್ಕೆ ಬರಬಾರದು, ಒಳಗೆ ಇಣುಕಿ ನೋಡಬೇಕು ಎಂದು ಜೀವಮಾನವಿಡೀ ಕಲಿಸಿದವರು ಅಮೆರಿಕದ ವೈದ್ಯ ಶೆವಲಿಯರ್ ಜಾಕ್ಸನ್.

ಅವರು ಹುಟ್ಟಿದ್ದು 1865ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಶಾಲೆಯಲ್ಲಿ ಇತರ ಹುಡುಗರ ಕಾಟ ಸಹಿಸಿಕೊಂಡೇ ಬೆಳೆದರು. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆದರು. ಮುಂದೆ ಕ್ಷಯರೋಗ ಮತ್ತೆ ಮತ್ತೆ ಕಾಡಿದರೂ ಕೆಲಸ ನಿಲ್ಲಿಸಲಿಲ್ಲ.

ಗಂಟಲಿನಿಂದ ಶ್ವಾಸನಾಳಕ್ಕೆ ಇಳಿಸುವ ತೆಳು ಕೊಳವೆಯ ತುದಿಯಲ್ಲೇ ಅವರು ಪುಟ್ಟ ಬಲ್ಬ್ ಇಟ್ಟರು. ಅಷ್ಟರಲ್ಲಿ ಎಕ್ಸ್-ರೇ ಬಂದಿತ್ತು ನಿಜ. ಆದರೆ ಉಸಿರುನಾಳದಲ್ಲಿ ಸಿಕ್ಕಿದ ಕಡಲೆಕಾಯಿ ಬೀಜ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅಂಥ ಮಕ್ಕಳಿಗೆ ಅಸ್ತಮಾ ಎಂದುಕೊಂಡು ಔಷಧ ಕೊಡುವ ಅಪಾಯವಿತ್ತು. ಸುಂಯ್‌ಗುಟ್ಟುವ ಉಸಿರೆಲ್ಲ ಅಸ್ತಮಾ ಅಲ್ಲ ಎಂಬ ಪಾಠ ಇಂದಿಗೂ ಅವರ ಹೆಸರಿನಲ್ಲೇ ಉಳಿದಿದೆ.

ಜನರ ಗಂಟಲು, ಶ್ವಾಸನಾಳ, ಅನ್ನನಾಳಗಳಿಂದ ತೆಗೆದ ಪಿನ್ನು, ಗುಂಡಿ, ನಾಣ್ಯ ಮುಂತಾದ 2,000ಕ್ಕೂ ಹೆಚ್ಚು ವಸ್ತುಗಳ ಅವರ ಸಂಗ್ರಹ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ. ಮಕ್ಕಳು ತಿಳಿಯದೆ ಕುಡಿಯುತ್ತಿದ್ದ ಕ್ಷಾರದ ಡಬ್ಬಿಗಳ ಮೇಲೆ ವಿಷ ಎಂದು ಬರೆಯಲೇಬೇಕೆಂದು ಅವರು ಹೋರಾಡಿದ ಫಲವಾಗಿ 1927ರಲ್ಲಿ ಅಮೆರಿಕದಲ್ಲಿ ಕಾನೂನೇ ಬಂತು.

ಶಿಶುಗಳಲ್ಲಿ ಬಿಡದೆ ಬರುವ ಇಂಥ ಸದ್ದಿಗೆ ಸಾಮಾನ್ಯ ಕಾರಣವೊಂದರ ಹೆಸರು ಲ್ಯಾರಿಂಗೋಮಲೇಶಿಯಾ. 1942ರಲ್ಲಿ ಈ ಹೆಸರು ಕೊಟ್ಟವರು ಜಾಕ್ಸನ್ ಮತ್ತು ಅವರ ಮಗ. ಧ್ವನಿಪೆಟ್ಟಿಗೆಯ ಮೇಲ್ಭಾಗ ಮೆತ್ತಗಿದ್ದು, ಉಸಿರು ಎಳೆದಾಗ ಒಳಕ್ಕೆ ಕುಸಿಯುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಸದ್ದು ಶುರುವಾಗಿ, ಅಳುವಾಗ, ಹಾಲು ಕುಡಿಯುವಾಗ, ಅಂಗಾತ ಮಲಗಿದಾಗ ಜೋರಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಎರಡು ವರ್ಷದೊಳಗೆ ತಾನೇ ಸರಿಹೋಗುತ್ತದೆ. ಖಚಿತಪಡಿಸಲು ವೈದ್ಯರು ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ ನೋಡುತ್ತಾರೆ.

ಜಾಕ್ಸನ್ 1958ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪಾಠವನ್ನು ನಾವು ಮನೆಯಲ್ಲಿ ಪಾಲಿಸುವುದು ಸುಲಭ. ಸದ್ದು ಬಂದಾಗ ಫೋನಿನಲ್ಲಿ ವಿಡಿಯೊ ಮಾಡಿ ಮಕ್ಕಳ ವೈದ್ಯರಿಗೆ ತೋರಿಸಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಬೇಡಿ. ಮಗು ತೂಕ ಏರದಿದ್ದರೆ, ಹಾಲು ಕುಡಿಯಲು ಕಷ್ಟಪಟ್ಟರೆ ತಡಮಾಡದೆ ತೋರಿಸಿ. ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ ಅಥವಾ ಏನೋ ಸಿಕ್ಕಿಕೊಂಡಂತೆ ಕೆಮ್ಮಿದ ಮೇಲೆ ಸದ್ದು ಶುರುವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮುಂದಿನ ಸಲ ಕಫದ ಫಾರ್ವರ್ಡ್ ಬಂದರೆ, ಉತ್ತರವಾಗಿ ಇದನ್ನು ಕಳಿಸಿ.