ಮಿಸೊರಾ ಹಿಬಾರಿ

ಜಪಾನೀ ಜನಪ್ರಿಯ ಗೀತೆಗಳನ್ನು ಕರೋಕೆಯ ವಾದ್ಯದೊಡನೆ ಹಾಡುವುದು ನನ್ನ ಹವ್ಯಾಸ. ಅವುಗಳಲ್ಲಿ ನನಗೆ ಅತಿ ಕಠಿಣವೆನಿಸಿದವು ಮಿಸೊರಾ ಹಿಬಾರಿಯವರ ಗೀತೆಗಳು. ಎದೆತುಂಬಿದ ದನಿ ಸ್ವಲ್ಪವೂ ಒಡೆಯದೆ ನವುರಾದ ಕಳ್ಳ ಶಾರೀರಕ್ಕೆ ಏರಬೇಕು. ಅಲ್ಲಿಯೇ ನನ್ನ ಉಸಿರು ಮುಗಿಯುತ್ತದೆ.

1937ರಲ್ಲಿ ಯೊಕೊಹಾಮಾದ ಮೀನುವ್ಯಾಪಾರಿಯೊಬ್ಬರ ಮಗಳಾಗಿ ಜನಿಸಿದ ಈಕೆ, ಯುದ್ಧದಿಂದ ನೊಂದ ನಾಡಿನಲ್ಲಿ 12ನೆಯ ವಯಸ್ಸಿಗೇ ಧ್ವನಿಮುದ್ರಿಕೆಗೆ ಹಾಡಿದರು. 1967ರಲ್ಲಿ ರಾಕ್ ವಾದ್ಯವೃಂದದೊಡನೆಯೂ ಹಾಡಿ ಯುವಜನರ ಮನಗೆದ್ದರು. 1987ರಲ್ಲಿ ಮೂಳೆ ಮತ್ತು ಯಕೃತ್ತಿನ ವ್ಯಾಧಿಗಳು ಅವರನ್ನು ಹಾಸಿಗೆಗೆ ಕೆಡವಿದವು. ಮರುವರ್ಷವೇ ಟೋಕಿಯೋ ಡೋಮಿನಲ್ಲಿ, ಕಾಲುನೋವನ್ನು ನುಂಗಿಕೊಂಡು, ಸುಮಾರು 40 ಗೀತೆಗಳನ್ನು ಹಾಡಿದರು. 1989ರಲ್ಲಿ, 52ನೆಯ ವಯಸ್ಸಿನಲ್ಲಿ, ಕಾಲವಶರಾದರು.

ಅವರ ಸ್ವರ ನನಗೆ ಎಟುಕದಿರಬಹುದು. ದೇಹ ಸೋತಾಗಲೂ ಶ್ರುತಿ ಬಿಡದ ಅವರ ನಿಷ್ಠೆಯಾದರೋ ವಿದ್ಯಾರ್ಥಿಗಳಾದ ನಮಗೆಲ್ಲ ಅನುಕರಣೀಯ.