ದೊರೆಯ ಗೆಳೆಯ ಥಾಮಸ್ ಬೆಕೆಟ್

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಥಾಮಸ್ ಬೆಕೆಟನ ಹೆಸರು ಹೊಸದಲ್ಲ. ಚಾಸರ್ ಕವಿಯ ಯಾತ್ರಿಕರು ಹೊರಟದ್ದು ಅವನ ಸಮಾಧಿಯ ದರ್ಶನಕ್ಕೆ. ಟಿ. ಎಸ್. ಎಲಿಯಟ್ 1935ರಲ್ಲಿ ನಾಟಕ ಬರೆದದ್ದು ಅವನ ಕೊಲೆಯ ಮೇಲೆ.

ಬೆಕೆಟ್ ಸುಮಾರು 1120ರಲ್ಲಿ ಲಂಡನ್ನಿನ ಚೀಪ್‌ಸೈಡ್ ಪೇಟೆಯಲ್ಲಿ, ನಾರ್ಮನ್ ಮೂಲದ ವರ್ತಕನೊಬ್ಬನ ಮಗನಾಗಿ ಹುಟ್ಟಿದ. ತಂದೆಯ ಸ್ಥಿತಿ ಇಳಿಮುಖವಾದಾಗ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಿಯೋಬಾಲ್ಡನ ಆಶ್ರಯ ದೊರೆಯಿತು. ಹುಡುಗನ ಚುರುಕುತನ ಮೆಚ್ಚಿದ ಥಿಯೋಬಾಲ್ಡ್ ಅವನನ್ನು ಇಟಲಿಯ ಬೊಲೊನ್ಯಕ್ಕೆ ಕಾನೂನು ಕಲಿಯಲು ಕಳುಹಿಸಿದ. 1155ರಲ್ಲಿ ಹೊಸ ದೊರೆ ಎರಡನೆಯ ಹೆನ್ರಿಯ ಬಳಿ ಚಾನ್ಸಲರ್ ಪದವಿಯನ್ನೂ ಕೊಡಿಸಿದ.

ದೊರೆಗೆ ಆಗ ಇಪ್ಪತ್ತೊಂದು, ಬೆಕೆಟನಿಗೆ ಮೂವತ್ತೈದರ ಆಸುಪಾಸು. ಬೇಟೆಯಲ್ಲೂ ಊಟದಲ್ಲೂ ಇಬ್ಬರೂ ಜೊತೆ. 1159ರ ತುಲೂಸ್ ದಂಡಯಾತ್ರೆಯಲ್ಲಿ ಬೆಕೆಟ್ ಸ್ವತಃ ಕವಚ ತೊಟ್ಟು ಹೋರಾಡಿದ. ಅದರ ವೆಚ್ಚಕ್ಕಾಗಿ ಇಗರ್ಜಿಗಳಿಂದಲೂ ಭಾರೀ ಹಣ ವಸೂಲಾಯಿತು.

1161ರಲ್ಲಿ ಥಿಯೋಬಾಲ್ಡ್ ತೀರಿಕೊಂಡ. ಗೆಳೆಯನನ್ನೇ ಆ ಪೀಠದಲ್ಲಿ ಕೂರಿಸಿದರೆ ಅರಮನೆಯೂ ಗುರುಪೀಠವೂ ತನ್ನ ಕೈಯಲ್ಲೇ ಇರುವುದೆಂದು ಹೆನ್ರಿ ಎಣಿಸಿದ. ಬೆಕೆಟ್ ಅದುವರೆಗೆ ಪಾದ್ರಿಯೂ ಆಗಿರಲಿಲ್ಲ. 1162ರ ಜೂನ್ 2ರಂದು ಗುರುದೀಕ್ಷೆ. ಮರುದಿನವೇ ಆರ್ಚ್‌ಬಿಷಪ್ ಪಟ್ಟ. ಪಟ್ಟವೇರಿದ ಬೆಕೆಟ್ ಚಾನ್ಸಲರ್ ಹುದ್ದೆಗೆ ರಾಜೀನಾಮೆ ಕೊಟ್ಟ. ದೊರೆಯ ಎಣಿಕೆ ತಪ್ಪಿತು.

ಆ ಕಾಲದಲ್ಲಿ ಪಾದ್ರಿಗಳು ಕೊಲೆ ಮಾಡಿದರೂ ವಿಚಾರಣೆ ಇಗರ್ಜಿಯ ನ್ಯಾಯಾಲಯದಲ್ಲಿಯೇ. ಅಲ್ಲಿ ಮರಣದಂಡನೆ ಇಲ್ಲ. ಅಂಥವರನ್ನು ಪದವಿಯಿಂದ ಇಳಿಸಿ ಅರಸನ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಹೆನ್ರಿ ಹಟ ಹಿಡಿದ. ಒಂದೇ ಅಪರಾಧಕ್ಕೆ ಎರಡು ಶಿಕ್ಷೆ ಸಲ್ಲದೆಂದು ಬೆಕೆಟ್ ವಾದಿಸಿದ. 1164ರ ಜನವರಿಯಲ್ಲಿ ಕ್ಲಾರೆಂಡನ್ ಸಭೆಯಲ್ಲಿ ದೊರೆಯ ಹದಿನಾರು ಶರತ್ತುಗಳಿಗೆ ಮೊದಲು ಬಾಯಿಮಾತಿನಲ್ಲಿ ಒಪ್ಪಿ, ಬಳಿಕ ಹಿಂದೆ ಸರಿದ. ಚಾನ್ಸಲರ್ ಆಗಿದ್ದಾಗಿನ ಲೆಕ್ಕಪತ್ರಗಳ ನೆವದಲ್ಲಿ ಅವನ ಮೇಲೆ ಮೊಕದ್ದಮೆ ಹೂಡಲಾಯಿತು. ಬೆಕೆಟ್ ರಾತ್ರೋರಾತ್ರಿ ತಪ್ಪಿಸಿಕೊಂಡು ಫ್ರಾನ್ಸ್ ಸೇರಿದ. ಹೆನ್ರಿ ಅವನ ಬಂಧುಗಳನ್ನೂ ದೇಶದಿಂದ ಹೊರಗಟ್ಟಿದ.

ಆರು ವರ್ಷಗಳ ಅಜ್ಞಾತವಲ್ಲದ ವನವಾಸ. 1170ರಲ್ಲಿ ಹೆನ್ರಿ ತನ್ನ ಮಗನಿಗೆ ಯಾರ್ಕಿನ ಆರ್ಚ್‌ಬಿಷಪನಿಂದ ಕಿರೀಟಧಾರಣೆ ಮಾಡಿಸಿದ. ಅದು ಕ್ಯಾಂಟರ್ಬರಿ ಪೀಠದ ಹಕ್ಕು. ಜುಲೈಯಲ್ಲಿ ರಾಜಿಯಾಗಿ ಡಿಸೆಂಬರಿನಲ್ಲಿ ಬೆಕೆಟ್ ಮರಳಿದನಾದರೂ ಕಿರೀಟಧಾರಣೆಯಲ್ಲಿ ಪಾಲ್ಗೊಂಡ ಬಿಷಪರ ಮೇಲಿನ ಶಿಕ್ಷೆಯನ್ನು ತೆಗೆಯಲಿಲ್ಲ. ನಾರ್ಮಂಡಿಯಲ್ಲಿದ್ದ ಹೆನ್ರಿ ಸಿಡಿಮಿಡಿಗೊಂಡು ಆಡಿದ ಮಾತನ್ನೇ ಅಪ್ಪಣೆಯೆಂದು ತಿಳಿದ ನಾಲ್ವರು ಸರದಾರರು ಸಮುದ್ರ ದಾಟಿದರು. ಡಿಸೆಂಬರ್ 29ರ ಸಂಜೆ, ಪ್ರಾರ್ಥನೆಯ ಹೊತ್ತು. ಸನ್ಯಾಸಿಗಳು ಇಗರ್ಜಿಯ ಬಾಗಿಲು ಹಾಕಲು ಹೊರಟರೆ ಬೆಕೆಟ್ ಬಿಡಲಿಲ್ಲ. ಅಲ್ಲಿಯೇ ಅವನನ್ನು ಕತ್ತಿಯಿಂದ ಕಡಿದರು.

1173ರಲ್ಲಿ ಪೋಪರು ಅವನನ್ನು ಸಂತನೆಂದು ಘೋಷಿಸಿದರು. ಮರುವರ್ಷ ಹೆನ್ರಿ ಬರಿಗಾಲಿನಲ್ಲಿ ಸಮಾಧಿಗೆ ನಡೆದು, ಸನ್ಯಾಸಿಗಳಿಂದ ಛಡಿಯೇಟು ತಿಂದ.

ಎಲ್ಲರಿಗೂ ಒಂದೇ ಕಾನೂನು ಬೇಕೆಂದ ದೊರೆಯ ವಾದವನ್ನು ಇಂದಿನವರು ತಪ್ಪೆನ್ನಲಾರರು. ಆದರೆ ಗೆಳೆಯನಿಗೆ ಪೀಠವನ್ನು ಕೊಟ್ಟವನೇ, ಗೆಳೆಯ ಆ ಪೀಠಕ್ಕೆ ನಿಷ್ಠನಾದಾಗ ಸಹಿಸದೆ ಹೋದ. ಅಧಿಕಾರದಲ್ಲಿರುವವರು ತಮ್ಮವರನ್ನು ನೇಮಿಸುವ ಪದ್ಧತಿ ಇರುವವರೆಗೂ ಬೆಕೆಟನ ಕಥೆ ಹಳತಾಗದು.